ಯಂತ್ರದ ಕಣ್ಣಿಗೆ ನೀಲಮಣಿಯ ರೆಪ್ಪೆ

ದೊಡ್ಡ ಅಂಗಡಿಗಳಲ್ಲಿ ಹಣ ಸಲ್ಲಿಸುವ ಮೇಜಿನ ನಡುವೆ ಪುಟ್ಟದೊಂದು ಗಾಜಿನ ಕಿಟಕಿ ಇರುವುದುಂಟು. ಬಿಸ್ಕತ್ತಿನ ಪೊಟ್ಟಣವನ್ನೋ ಎಣ್ಣೆಯ ಡಬ್ಬಿಯನ್ನೋ ಅದರ ಮೇಲೆ ಸರಿಸಿದೊಡನೆ ‘ಬೀಪ್’ ಎಂಬ ಸದ್ದು. ಮರುಕ್ಷಣವೇ ಬೆಲೆ ಲೆಕ್ಕಕ್ಕೆ ಸೇರುತ್ತದೆ. ಸರಕುಗಳ ಮೇಲಿನ ಪಟ್ಟೆಗುರುತನ್ನು ಹೀಗೆ ಓದಿ ವ್ಯಾಪಾರ ಮಾಡುವ ಪದ್ಧತಿ 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಮೊದಲಾಯಿತು. ಅಂದು ಮಾರ್ಷ್ ಅಂಗಡಿಯ ಯಂತ್ರ ಓದಿದ ಮೊದಲ ಸರಕು, 67 ಸೆಂಟು ಬೆಲೆಯ ಚ್ಯೂಯಿಂಗ್ ಗಮ್!

ಕಿಟಕಿಯ ಕೆಳಗಿನಿಂದ ಹೊರಟ ಲೇಸರ್ ಕಿರಣ ಪಟ್ಟೆಗಳ ಮೇಲೆ ಹರಿದಾಡುತ್ತದೆ. ಕಪ್ಪು ಪಟ್ಟೆ ಬೆಳಕನ್ನು ನುಂಗುತ್ತದೆ, ಬಿಳಿಯದು ಹಿಂದಿರುಗಿಸುತ್ತದೆ. ಎಂದರೆ, ಬೆಳಕು ಅದೇ ಕಿಟಕಿಯನ್ನು ಎರಡು ಬಾರಿ ದಾಟಬೇಕು. ಅಲ್ಲಿ ಗೀರುಗಳು ತುಂಬಿದರೆ ಬೆಳಕು ಚೆದರುತ್ತದೆ, ಯಂತ್ರ ಮೂಕವಾಗುತ್ತದೆ. ಮತ್ತೆ ಮತ್ತೆ ಸರಿಸುವುದು ಸಾಲಿನಲ್ಲಿ ನಿಂತವರಿಗೆ ಬೇಸರ. ದಿನವಿಡೀ ಕೈಯಾಡಿಸುವ ನೌಕರರಿಗಾದರೋ ಮಣಿಕಟ್ಟಿನ ನೋವು.

ಗೀರುಗಳಿಗೆ ಕಾರಣವೇನು? ಡಬ್ಬಿಗಿಂತ ಅದರ ತಳಕ್ಕಂಟಿದ ಮರಳಿನ ಕಣವೇ ದೊಡ್ಡ ಶತ್ರು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5; ಮರಳಿನ ಸ್ಫಟಿಕದ್ದು 7. ಹೆಚ್ಚು ಗಡಸಾದದ್ದು ಕಡಿಮೆ ಗಡಸಾದದ್ದನ್ನು ಗೀಚುವುದು ಪ್ರಕೃತಿಯ ನಿಯಮ. ಆದುದರಿಂದಲೇ ತಂತ್ರಜ್ಞರು 9ನೆಯ ಸ್ಥಾನದ ನೀಲಮಣಿಯ ಮೊರೆಹೊಕ್ಕರು. ಇದು ಗಣಿಯ ರತ್ನವಲ್ಲ. ಕುಲುಮೆಯಲ್ಲಿ ಬೆಳೆಸಿದ, ಬಣ್ಣವಿಲ್ಲದ ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಅದು ದುಬಾರಿಯಾದ್ದರಿಂದ ತೆಳುವಾದ ಹಾಳೆಯಂತೆ ಕೊಯ್ದು ಗಾಜಿನ ಮೇಲೆ ಅಂಟಿಸುವುದುಂಟು.

ಹಾಗೆಂದು ನೀಲಮಣಿ ದೋಷರಹಿತವೇನೂ ಅಲ್ಲ. ಗಾಜಿನ ಒಂದು ಮೈ ನೂರರಲ್ಲಿ ಸುಮಾರು 4 ಪಾಲು ಬೆಳಕನ್ನು ಹಿಂದಕ್ಕೆ ತಳ್ಳಿದರೆ, ನೀಲಮಣಿಯದು ಹೆಚ್ಚುಕಡಿಮೆ 8 ಪಾಲು. ಅದನ್ನು ತಗ್ಗಿಸಲು ಲೇಪ ಹಚ್ಚಬಹುದು. ಆದರೆ ಸರಕು ಉಜ್ಜುವ ಹೊರಮೈಯಲ್ಲಿ ಲೇಪ ಸವೆಯುವ ಭಯ.

ಕೈಯಲ್ಲಿ ಹಿಡಿಯುವ ಯಂತ್ರದ ಕಥೆಯೇ ಬೇರೆ. ಅದರ ಕಿಟಕಿಗೆ ಸರಕು ಉಜ್ಜುವುದು ಅಪರೂಪ. ಯಂತ್ರವೇ ಕೈಜಾರಿ ಬೀಳುವುದು ಹೆಚ್ಚು. ಅಲ್ಲಿ ಹಗುರವಾದ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕೇ ಮೇಲು. ಅದು ಬೇಗ ಗೀಚಿಕೊಳ್ಳುವುದರಿಂದ ಗಡಸು ಲೇಪವೊಂದಿದ್ದರೆ ಸಾಕು. ಶತ್ರು ಮರಳೋ, ಪೆಟ್ಟೋ ಎಂದು ಮೊದಲು ತಿಳಿಯಬೇಕು. ಕವಚದ ಆಯ್ಕೆ ಅನಂತರದ ಮಾತು.

ಪ್ಲಾಸ್ಟಿಕ್ ಮಸೂರದ ಕನ್ನಡಕ ಧರಿಸುವವರಿಗೂ ಇದರಲ್ಲಿ ಪಾಠವುಂಟು. ಧೂಳು ಕುಳಿತ ಮಸೂರವನ್ನು ಒಣಬಟ್ಟೆಯಿಂದ ತಿಕ್ಕಿದರೆ ಮರಳಿನಿಂದಲೇ ಉಜ್ಜಿದಂತೆ. ಮೊದಲು ನೀರಿನಲ್ಲಿ ತೊಳೆದು, ಬಳಿಕ ಮೆತ್ತನೆಯ ಬಟ್ಟೆಯಿಂದ ಒರೆಸುವುದೇ ಲೇಸು.