ಕಾರ್ಕಳದ ಚತುರ್ಮುಖ ಬಸದಿ: ಸಂರಕ್ಷಣೆ ಏಕೆ ಬೇಕು?

ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಇಮ್ಮಡಿ ಭೈರರಸ ಒಡೆಯರು ಕಟ್ಟಿಸಿದರು. ಕಂಬ, ಗೋಡೆ, ಛಾವಣಿ ಎಲ್ಲವೂ ಕಲ್ಲಿನವು. ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಯಾವ ಕಡೆಯಿಂದ ಬಂದರೂ ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ. ಕಟ್ಟಿಸಿದವರು ಯಾರು, ಪೂಜೆಗೆ ಬಿಟ್ಟ ದತ್ತಿ ಏನು ಎಂಬುದನ್ನು ಇಲ್ಲಿನ ಶಾಸನ ತಿಳಿಸುತ್ತದೆ.

ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಕಾನೂನಿನಂತೆ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು.

ಇಂತಹ ರಕ್ಷಣೆ ಇಲ್ಲದ ಊರ ಬಸದಿಗಳಲ್ಲಿ ಜೀರ್ಣೋದ್ಧಾರದ ವೇಳೆ ಶಾಸನದ ಮೇಲೆ ಬಣ್ಣ, ಸಿಮೆಂಟ್ ಬಳಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ. ಕಲ್ಲು ಮತ್ತೆ ತರಬಹುದು. ಹಿರಿಯರ ಹೆಸರು, ಕಾಲ ಮತ್ತೆ ಸಿಗದು. ಆದ್ದರಿಂದ ಕೆಲಸಕ್ಕೆ ಮೊದಲು ಶಾಸನದ ಫೋಟೋ ತೆಗೆದು ಬಲ್ಲವರಿಗೆ ತೋರಿಸುವುದು ಅಗತ್ಯ.