ಮಂಡಿ ಬದಲಿಸಲು ಕಾರ್ಡ್ ಇದೆ, ಮಂಡಿ ಉಳಿಸಲು?

ಆಯುಷ್ಮಾನ್ ಕಾರ್ಡ್ ಇರುವವರ ಮಂಡಿ ಕೆಟ್ಟು ಕೂತರೆ ಹೊಸ ಮಂಡಿ ಜೋಡಿಸಲು ಯೋಜನೆಯಲ್ಲಿ ಪ್ಯಾಕೇಜ್ ಇದೆ. ಸೊಂಟದ ಕೀಲು ಬದಲಿಸಲೂ ಇದೆ. ಆದರೆ ಕೀಲು ಆ ಸ್ಥಿತಿಗೆ ಹೋಗದಂತೆ ತಡೆಯುವ ಔಷಧವನ್ನು ಹೊರರೋಗಿಯಾಗಿ ತಿಂಗಳು ತಿಂಗಳೂ ತೆಗೆದುಕೊಳ್ಳುವುದಾದರೆ ಅದೇ ಕಾರ್ಡ್ ಉಪಯೋಗಕ್ಕೆ ಬಾರದು. ಇದಕ್ಕೆ ಯಾವುದೋ ಕೌಂಟರಿನ ಗುಮಾಸ್ತರನ್ನು ಬೈದು ಫಲವಿಲ್ಲ, ಯೋಜನೆಯನ್ನು ಕಟ್ಟಿರುವುದೇ ಹಾಗೆ. ಯಾಕೆ ಹಾಗೆ, ಬೇರೆ ದಾರಿ ಎಲ್ಲಿದೆ, ಯಾವ ಕಾಗದ ಹಿಡಿದು ಹೋಗಬೇಕು ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಮೊದಲು ಕಾಯಿಲೆ. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆಯುವುದು ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಕೀಲಿನ ಒಳಪೊರೆಯನ್ನು ಊದಿಸಿ ಮೂಳೆಯನ್ನು ಕೊರೆಯುವ ರುಮಟಾಯ್ಡ್ ಸಂಧಿವಾತ ಬೇರೆ. ದುಬಾರಿ ಔಷಧದ ಪ್ರಶ್ನೆ ಏಳುವುದು ಎರಡನೆಯದರಲ್ಲಿ. ಇದು ಮುಪ್ಪಿಗಾಗಿ ಕಾಯುವುದಿಲ್ಲ. ದುಡಿಯುವ ವಯಸ್ಸಿನಲ್ಲೇ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಗಂಟೆ ಕಳೆದರೂ ಬಿಗಿತ ಬಿಡುವುದಿಲ್ಲ. ರವಿಕೆಯ ಹುಕ್ಕು ಹಾಕಲೂ ಇನ್ನೊಬ್ಬರು ಬೇಕು. ದೆಹಲಿ ಬಳಿಯ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ಶೇ. 0.75 ಮಂದಿಗೆ ಈ ಕಾಯಿಲೆ ಇರುವುದನ್ನು ಕಂಡುಕೊಂಡಿತು. ಓದಲು ಸಣ್ಣ ಸಂಖ್ಯೆ. ದೇಶದ ಲೆಕ್ಕಕ್ಕೆ ಹಿಡಿದರೆ ಹತ್ತಾರು ಲಕ್ಷ ಜನ.

ಚಿಕಿತ್ಸೆಯ ಮೊದಲ ಮೆಟ್ಟಿಲು ದುಬಾರಿಯಲ್ಲ. ಮೆಥೊಟ್ರೆಕ್ಸೇಟ್ ಎಂಬ ಹಳೆಯ ಮಾತ್ರೆ ಇಂದಿಗೂ ಈ ಕಾಯಿಲೆಯ ಮುಖ್ಯ ಆಧಾರ. ಅದಕ್ಕೂ ಹಿಂದಿನ, ಅದೇ ಜಾತಿಯ ಅಮಿನೋಪ್ಟೆರಿನ್ ಸಿದ್ಧವಾದದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕ್ಯಾನ್ಸರಿಗೆಂದು ಬಂದ ಮೆಥೊಟ್ರೆಕ್ಸೇಟ್ ಕಡಿಮೆ ಪ್ರಮಾಣದಲ್ಲಿ ಕೀಲಿನ ಉರಿಯೂತವನ್ನೂ ತಗ್ಗಿಸುತ್ತದೆ ಎಂಬುದು ಬರಬರುತ್ತ ಖಚಿತವಾಗಿ, 1988ರಲ್ಲಿ ಅಮೆರಿಕದ ಔಷಧ ಇಲಾಖೆ ಸಂಧಿವಾತಕ್ಕೆ ಅದನ್ನು ಒಪ್ಪಿತು. ಇದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ, ಆದ್ದರಿಂದ ಆ ದಿನದ ಹೆಸರನ್ನು ಚೀಟಿಯ ಮೇಲೆ ದಪ್ಪಗೆ ಬರೆಸಿಕೊಳ್ಳಿ.

ಬಹಳ ಜನಕ್ಕೆ ಮೆಥೊಟ್ರೆಕ್ಸೇಟ್, ಅದರ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಸಲ್ಫಾಸಲಜೀನ್ ಸಾಕಾಗುತ್ತದೆ. ಕೆಲವರಿಗೆ ಸಾಕಾಗುವುದಿಲ್ಲ. ಬಯಾಲಜಿಕ್ ಔಷಧಗಳ ಮಾತು ಬರುವುದು ಅಲ್ಲಿ. ಲೂಧಿಯಾನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ವೈದ್ಯ ರವೀಂದರ್ ಮೈನಿ ಮತ್ತು ಅವರ ಜೊತೆಗಾರ ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಅಲ್ಲಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ಮಾಡಿದರು. ಉರಿಯೂತದ ಸಂದೇಶ ಹೊರುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಕಟ್ಟಿಹಾಕಿದರೆ ಬೇರಾವುದಕ್ಕೂ ಬಗ್ಗದ ಸಂಧಿವಾತ ಇಳಿಯುತ್ತದೆ ಎಂದು ಅದರಿಂದ ಗೊತ್ತಾಯಿತು. ಇನ್‌ಫ್ಲಿಕ್ಸಿಮಾಬ್, ಎಟನರ್ಸೆಪ್ಟ್, ಅಡಲಿಮುಮಾಬ್ ಎಲ್ಲವೂ ಆ ದಾರಿಯಲ್ಲಿ ಬಂದವು. ಇವು ರಾಸಾಯನಿಕ ಪುಡಿಯನ್ನು ಒತ್ತಿ ಮಾಡುವ ಮಾತ್ರೆಗಳಲ್ಲ. ಜೀವಕೋಶಗಳನ್ನು ಸಾಕಿ, ಅವು ತಯಾರಿಸಿದ ಪ್ರೋಟೀನನ್ನು ಸೋಸಿ ಸೀಸೆಗೆ ತುಂಬಬೇಕು. ಬೆಲೆ ಏರಲು ಅದೊಂದು ಕಾರಣ. ಪೇಟೆಂಟ್ ಅದಕ್ಕಿಂತ ದೊಡ್ಡ ಕಾರಣ.

ಪೇಟೆಂಟ್ ಗೋಡೆ ಭಾರತದಲ್ಲಿ ಬೇಗ ಕುಸಿಯಿತು. ಮತ್ತೊಂದು ಬಯಾಲಜಿಕ್ ಔಷಧವಾದ ರಿಟುಕ್ಸಿಮಾಬ್‌ನ ದೇಶೀ ರೂಪವನ್ನು ಡಾ. ರೆಡ್ಡೀಸ್ 2007ರಲ್ಲೇ ತಂದಿತ್ತು. 2014ರ ಡಿಸೆಂಬರಿನಲ್ಲಿ ಅಡಲಿಮುಮಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಬಯಾಲಜಿಕ್ಕನ್ನು ಹೋಲುವ ಔಷಧ, ಬಿಡುಗಡೆಯಾದದ್ದು ಇಲ್ಲೇ, ಜೈಡಸ್ ಕಂಪನಿಯಿಂದ. ಅಮೆರಿಕದಲ್ಲಿ ಸುಮಾರು 1,000 ಡಾಲರ್ ಇದ್ದ ಚುಚ್ಚುಮದ್ದಿಗೆ ಇಲ್ಲಿ ಆಗ 200 ಡಾಲರ್ ಬೆಲೆ ಇತ್ತು. ಐದನೇ ಒಂದು ಭಾಗ, ಸರಿ. ಹದಿನೈದು ದಿನಕ್ಕೊಂದರಂತೆ ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕಾದ ಮನೆಗೆ ಆ ಐದನೇ ಒಂದು ಭಾಗವೇ ಪೂರ್ತಿ ಸಂಬಳ.

ಇನ್ನು ಕಾರ್ಡಿನ ಕಥೆ. ನಮ್ಮ ರಾಜ್ಯ ಆರೋಗ್ಯ ವಿಮೆಯಲ್ಲಿ ಹಿಂದೆ ಬಿದ್ದದ್ದಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ, ತಿಂಗಳಿಗೆ ಐದು ರೂಪಾಯಿಯ ವಂತಿಗೆಯಲ್ಲಿ ಸಹಕಾರ ಸಂಘದ ರೈತರಿಗೆ ಶಸ್ತ್ರಚಿಕಿತ್ಸೆ ಒದಗಿಸಿ ದೇಶದ ಗಮನ ಸೆಳೆಯಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಎಲ್ಲದರ ಬೇರು ಒಂದೇ: ಹೃದಯದ ಆಪರೇಷನ್, ಕ್ಯಾನ್ಸರ್, ಸುಟ್ಟ ಗಾಯ, ಅಪಘಾತ, ಅಂದರೆ ಒಮ್ಮೆಲೇ ಎರಗಿ ಮನೆ ಮಾರಿಸುವ ಖರ್ಚು. ಆಸ್ಪತ್ರೆಗೆ ದಾಖಲಾಗದೆ ಹೊರರೋಗಿಯಾಗಿಯೇ ವಾಸಿ ಮಾಡಬಹುದಾದ್ದು ರಾಷ್ಟ್ರೀಯ ಯೋಜನೆಯ ಹೊರಗಿಡುವ ಪಟ್ಟಿಯಲ್ಲಿದೆ. ದಾಖಲಾಗುವ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನದ ಔಷಧ ಸೇರುತ್ತದೆ, ಅಷ್ಟೇ. ಸಂಧಿವಾತದ ರೋಗಿ ವರ್ಷಕ್ಕೆ ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಮಲಗದಿರಬಹುದು. ಅವರ ಮನೆ ಮಾರಿಹೋಗುವುದು ಕಂತಿನಲ್ಲಿ.

ಹಾಸಿಗೆಯಿಲ್ಲದೆ ವಿಮೆ ಕೊಡಲು ಬರುವುದಿಲ್ಲವೇ? ಬರುತ್ತದೆ. ಡಯಾಲಿಸಿಸ್ ಮಾಡಿಸಿಕೊಂಡವರು ಸಂಜೆಗೆ ಮನೆಗೆ ಹೋಗುತ್ತಾರೆ, ಕೀಮೋಥೆರಪಿಯೂ ಬಹುಪಾಲು ಹಗಲಿನ ಚಿಕಿತ್ಸೆ. ಎರಡಕ್ಕೂ ಆಯುಷ್ಮಾನ್ ಪ್ಯಾಕೇಜುಗಳಿವೆ, ಒಂದೊಂದು ಸರದಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಲಿಂಫೋಮಾ ಕ್ಯಾನ್ಸರಿನ ಪ್ಯಾಕೇಜುಗಳಲ್ಲಿ ರಿಟುಕ್ಸಿಮಾಬ್ ಇದೆ. ಅದೇ ರಿಟುಕ್ಸಿಮಾಬ್ ಹಟಮಾರಿ ಸಂಧಿವಾತಕ್ಕೂ ಔಷಧ. ಎರಡು ವಾರದ ಅಂತರದಲ್ಲಿ ಎರಡು ಡ್ರಿಪ್, ಸಾಮಾನ್ಯವಾಗಿ ಆರು ತಿಂಗಳ ಮೇಲೆ ಮತ್ತೆ. ಪಕ್ಕಪಕ್ಕದ ಕುರ್ಚಿಯಲ್ಲಿ ಕೂತ ಇಬ್ಬರಿಗೆ ಒಂದೇ ಸೀಸೆಯ ಔಷಧ ಇಳಿಯುತ್ತಿರುವಾಗ, ರೋಗದ ಹೆಸರು ನೋಡಿ ಒಬ್ಬರಿಗೆ ಕಾರ್ಡು, ಇನ್ನೊಬ್ಬರಿಗೆ ಬಿಲ್ಲು ಕೊಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವಿಲ್ಲ.

ಹಾಗಂತ ಬಾಗಿಲು ಹಾರುಹೊಡೆದರೆ ಖಜಾನೆ ಬರಿದಾಗದೇ? ಭಯ ಸುಳ್ಳಲ್ಲ. ಇಂಗ್ಲೆಂಡ್ ಅದನ್ನು ಹೇಗೆ ನಿಭಾಯಿಸಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಅಲ್ಲಿಯದು ವಿಮೆಯಲ್ಲ, ತೆರಿಗೆಯ ದುಡ್ಡಿನ ಸಾರ್ವಜನಿಕ ಆರೋಗ್ಯ ಸೇವೆ. ಯಾವ ಔಷಧ ಯಾರಿಗೆ ಎಂದು ನೈಸ್ ಎಂಬ ಸಂಸ್ಥೆ ತೀರ್ಮಾನಿಸುತ್ತದೆ. 2007ರಲ್ಲಿ ಅದು ಒಂದು ಗೆರೆ ಎಳೆಯಿತು: ಮೆಥೊಟ್ರೆಕ್ಸೇಟ್ ಸೇರಿ ಎರಡು ಹಳೆಯ ಔಷಧ ವಿಫಲವಾಗಿರಬೇಕು, ಕಾಯಿಲೆಯ ತೀವ್ರತೆ ಅಳೆಯುವ ಡಿಎಎಸ್28 ಅಂಕ 5.1ಕ್ಕಿಂತ ಮೇಲಿರಬೇಕು. ಆರು ತಿಂಗಳಲ್ಲಿ ಅಂಕ ಕನಿಷ್ಠ 1.2 ಇಳಿಯದಿದ್ದರೆ ಔಷಧ ನಿಲ್ಲಬೇಕು.

ಈ ಅಂಕ ತೆಗೆಯುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ವೈದ್ಯರು ತಮ್ಮ ಹೆಬ್ಬೆರಳಿನಿಂದ ರೋಗಿಯ ಒಂದೊಂದೇ ಕೀಲನ್ನು ಒತ್ತುತ್ತಾರೆ. ಒತ್ತುವ ಬೆರಳಿನ ಉಗುರು ಬಿಳಿಚುವಷ್ಟು ಬಲ ಸಾಕು. ಬೆರಳಿನ ನಡುಗಂಟುಗಳು ಹತ್ತು, ಬುಡದ ಗಂಟುಗಳು ಹತ್ತು, ಮಣಿಕಟ್ಟು ಎರಡು, ಮೊಣಕೈ ಎರಡು, ಭುಜ ಎರಡು, ಮಂಡಿ ಎರಡು, ಒಟ್ಟು 28. ಎಷ್ಟು ನೋಯುತ್ತವೆ, ಎಷ್ಟು ಊದಿವೆ, ರಕ್ತದ ಇಎಸ್‌ಆರ್ ಅಥವಾ ಸಿಆರ್‌ಪಿ ಎಷ್ಟು, ರೋಗಿಯೇ ತನ್ನ ಸ್ಥಿತಿಗೆ ನೂರಕ್ಕೆ ಎಷ್ಟು ಅಂಕ ಕೊಡುತ್ತಾರೆ ಎಂಬುದನ್ನೆಲ್ಲ ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ. ಗಮನಿಸಿದಿರಾ, ಪಾದ ಇದರಲ್ಲಿಲ್ಲ. ಕಾಲ್ಬೆರಳ ಬುಡ ಊದಿ ನೆಲಕ್ಕೆ ಹೆಜ್ಜೆ ಊರಲಾರದವರಿಗೆ ಅಂಕ ಕಡಿಮೆಯೇ ಬರಬಹುದು. ಅಂಥವರ ವೈದ್ಯರು ಪಾದದ ವಿಷಯವನ್ನು ಔಷಧ ಕೋರುವ ಪತ್ರದಲ್ಲಿ ಬೇರೆಯಾಗಿ ಬರೆಯಬೇಕಾಗುತ್ತದೆ.

2018ರ ಅಕ್ಟೋಬರಿನಲ್ಲಿ ಯುರೋಪಿನಲ್ಲಿ ಅಡಲಿಮುಮಾಬ್‌ನ ಪೇಟೆಂಟ್ ಮುಗಿಯಿತು. ಆ ಒಂದು ಔಷಧಕ್ಕೆ ವರ್ಷಕ್ಕೆ 40 ಕೋಟಿ ಪೌಂಡಿಗೂ ಹೆಚ್ಚು ಸುರಿಯುತ್ತಿದ್ದ ಅಲ್ಲಿನ ಆರೋಗ್ಯ ಸೇವೆ ಕಂಪನಿಗಳನ್ನು ಪೈಪೋಟಿಗೆ ನಿಲ್ಲಿಸಿ, ವರ್ಷಕ್ಕೆ 30 ಕೋಟಿ ಪೌಂಡ್ ಉಳಿಸುವ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ನೈಸ್ ತನ್ನ ಗೆರೆಯನ್ನು ಕೆಳಕ್ಕೆ ಸರಿಸಿ, ಅಂಕ 3.2ರಿಂದ 5.1ರವರೆಗಿನ ಮಧ್ಯಮ ತೀವ್ರತೆಯವರಿಗೂ ಅಡಲಿಮುಮಾಬ್, ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮಾಬ್ ಕೊಡಲು ಒಪ್ಪಿತು. ಸುಮಾರು 25,000 ಜನ ಹೊಸದಾಗಿ ಅರ್ಹರಾದರು. ಈ ನಡುವೆ ಅವರ ಕೀಲುಗಳೇನೂ ಬದಲಾಗಿರಲಿಲ್ಲ. ಬದಲಾದದ್ದು ಬೆಲೆ. ಬಯೋಸಿಮಿಲರ್ ತಯಾರಿಸುವ ಕಾರ್ಖಾನೆಗಳು ಮನೆಯಂಗಳದಲ್ಲೇ ಇರುವ ನಮಗೆ ಇಂಥ ಸಗಟು ಚೌಕಾಸಿ ಇನ್ನೂ ಸುಲಭವಾಗಬೇಕಿತ್ತು.

ಈಗ ನಮ್ಮಲ್ಲೇ ಇರುವ, ಆದರೆ ಬಹಳ ಜನ ಮರೆತಿರುವ ಒಂದು ದಾರಿ: ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದದ್ದು, ಹೊರರೋಗಿಯ ಔಷಧವನ್ನೂ ಒಳಗೊಂಡದ್ದು. ಚಿಕಿತ್ಸೆಯ ಖರ್ಚಿಗೆ ಮಿತಿ ಇಲ್ಲ ಎಂದು ಇಎಸ್‌ಐ ನಿಗಮವೇ ಹೇಳುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರ ವ್ಯಾಪ್ತಿಗೆ ಬರುತ್ತಾರೆ. ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಹದಿನಾಲ್ಕು ಸಾವಿರ ಸಂಬಳಕ್ಕೆ ಕಡಿತವಾಗುವುದು 105 ರೂಪಾಯಿ, ಮಾಲೀಕರು ಸೇರಿಸುವುದು 455. ಬೆಂಗಳೂರು, ರಾಮನಗರ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಸಂಧಿವಾತ ಹುಡುಕಿಕೊಂಡು ಬರುವುದೂ ಹೆಚ್ಚಾಗಿ ಅದೇ ವಯಸ್ಸಿನ ಹೆಂಗಸರ ಬೆರಳಿಗೆ. ಆದರೂ ಮಧ್ಯಾಹ್ನ ರಜೆ ಸಿಗದೆ, ಡಿಸ್ಪೆನ್ಸರಿಯ ಸಾಲಿಗೆ ಹೆದರಿ, ಕ್ಲಿನಿಕ್ಕಿನಲ್ಲಿ ಸ್ಟಿರಾಯ್ಡ್ ಮಾತ್ರೆ ನುಂಗಿ ವರ್ಷ ಕಳೆಯುವವರೇ ಬಹಳ. ಸ್ಟಿರಾಯ್ಡ್ ಊತ ಇಳಿಸುತ್ತದೆ, ಕೆಲಸಕ್ಕೆ ಕಳಿಸುತ್ತದೆ, ಜೊತೆಗೇ ಮೂಳೆಯನ್ನು ಟೊಳ್ಳು ಮಾಡುತ್ತದೆ.

ಇಎಸ್‌ಐನಲ್ಲಿ ನಡಿಗೆ ಹೀಗೆ: ಡಿಸ್ಪೆನ್ಸರಿಯ ವೈದ್ಯರಿಂದ ರೆಫರಲ್ ಪಡೆದು ಇಎಸ್‌ಐ ಆಸ್ಪತ್ರೆಗೆ ಹೋಗಬೇಕು. ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ನಿಗಮದ ವೈದ್ಯಕೀಯ ಕಾಲೇಜುಗಳೇ ಇವೆ. ಅಲ್ಲಿ ಸಂಧಿವಾತ ತಜ್ಞರಿಲ್ಲದಿದ್ದರೆ ಒಪ್ಪಂದದ ಆಸ್ಪತ್ರೆಗೆ ಕಳಿಸುತ್ತಾರೆ. ಇಂಥ ಉನ್ನತ ಚಿಕಿತ್ಸೆಗೆ ಕೆಲವು ತಿಂಗಳ ವಂತಿಗೆ ಜಮೆಯಾಗಿರಬೇಕು. ಔಷಧ ದಾಸ್ತಾನಿನಲ್ಲಿಲ್ಲದಿದ್ದರೆ ಸ್ಥಳೀಯ ಖರೀದಿಗೆ ಅವಕಾಶವಿದೆ. ಹೊರಗೆ ಕೊಂಡು ಆಮೇಲೆ ಬಿಲ್ ಕೊಡೋಣ ಎಂದುಕೊಳ್ಳಬೇಡಿ, ಬರವಣಿಗೆಯ ಅನುಮತಿ ಮೊದಲು ಬೇಕು.

ಅರ್ಜಿ ನಿಲ್ಲುವುದೋ ಬೀಳುವುದೋ ತಜ್ಞರ ಪತ್ರದ ಮೇಲೆ. 'ಈ ಔಷಧ ಅಗತ್ಯವಿದೆ' ಎಂಬ ಒಂದು ಸಾಲಿನ ಪತ್ರವನ್ನು ಮೇಜಿನಾಚೆ ಇರುವವರು ಪಕ್ಕಕ್ಕಿಡುತ್ತಾರೆ. ಪತ್ರದಲ್ಲಿ ಇರಬೇಕಾದದ್ದು ಇಷ್ಟು: ಮೆಥೊಟ್ರೆಕ್ಸೇಟ್ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಮಿಲಿಗ್ರಾಂ, ಯಾಕೆ ಸಾಲಲಿಲ್ಲ ಅಥವಾ ಯಾಕೆ ನಿಲ್ಲಿಸಬೇಕಾಯಿತು. ಎರಡನೆಯ ಔಷಧದ್ದೂ ಹಾಗೆಯೇ. ದಿನಾಂಕ ಸಮೇತ ಡಿಎಎಸ್28 ಅಂಕ, ಆಂಟಿ ಸಿಸಿಪಿ ರಕ್ತಪರೀಕ್ಷೆಯ ವರದಿ, ಕೈ ಮತ್ತು ಪಾದದ ಎಕ್ಸ್‌ರೇ. ಟಿಎನ್‌ಎಫ್ ತಡೆಯುವ ಔಷಧಗಳು ಅಡಗಿದ ಕ್ಷಯವನ್ನು ಎಬ್ಬಿಸಬಲ್ಲವು, ಆದ್ದರಿಂದ ಕ್ಷಯ ಹಾಗೂ ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶವೂ ಜೊತೆಗಿರಬೇಕು. ಔಷಧವನ್ನು ಬ್ರ್ಯಾಂಡ್ ಬಿಟ್ಟು ಮೂಲ ಹೆಸರಿನಲ್ಲಿ ಬರೆದು, ಬಯೋಸಿಮಿಲರ್ ಆದೀತು ಎಂದು ಸೇರಿಸಿದರೆ ನಿರಾಕರಿಸಲು ಒಂದು ನೆಪ ಕಡಿಮೆ. ಇಲ್ಲ ಎಂದರೆ ಆ 'ಇಲ್ಲ'ವನ್ನು ಕಾಗದದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇಲ್ಲ. ನಿಗಮದ ಪ್ರಾದೇಶಿಕ ಕಚೇರಿಗೆ, ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ಗೆ ದೂರು ಕೊಡಬಹುದು. ಇಎಸ್‌ಐ ಸೇವೆಯ ಲೋಪವನ್ನು ಗ್ರಾಹಕರ ವೇದಿಕೆಗೂ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ.

ಕೇಂದ್ರ ಸರ್ಕಾರಿ ನೌಕರರಿಗೆ, ಪಿಂಚಣಿದಾರರಿಗೆ ಸಿಜಿಎಚ್‌ಎಸ್‌ನಲ್ಲೂ ಹೊರರೋಗಿ ಔಷಧವಿದೆ. ದುಬಾರಿಯವಕ್ಕೆ ಮೇಲಿನ ಮಂಜೂರಾತಿ ಬೇಕು. ಸರ್ಕಾರಿ ಸ್ವಾಮ್ಯದ್ದೋ ಖಾಸಗಿಯದೋ ವಿಮಾ ಕಂಪನಿಯ ಪಾಲಿಸಿ ಇದ್ದವರು ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ನೋಡಬೇಕು: ಇಂಜೆಕ್ಷನ್ ರೂಪದ ಮಾನೋಕ್ಲೋನಲ್ ಆಂಟಿಬಾಡಿ ಚಿಕಿತ್ಸೆ ಹೊರಗಿಡಬಾರದ ಹನ್ನೆರಡರ ಪಟ್ಟಿಯಲ್ಲಿದೆ. ಮೊತ್ತಕ್ಕೆ ಒಳಮಿತಿ ಹಾಕುವ ಸ್ವಾತಂತ್ರ್ಯ ಮಾತ್ರ ಕಂಪನಿಗಿದೆ.

ಇಎಸ್‌ಐನ ದೊಡ್ಡ ಕೊರತೆಯನ್ನೂ ಹೇಳಬೇಕು. ಬೆರಳು ಸೋತು ಕೆಲಸ ಬಿಟ್ಟವರ ರಕ್ಷಣೆ, ಕಟ್ಟಿದ ವಂತಿಗೆಯ ಅವಧಿ ಮುಗಿದ ಮೇಲೆ ನಿಂತುಹೋಗುತ್ತದೆ. ಆದ್ದರಿಂದ ಕಾಯಿಲೆ ಗೊತ್ತಾದ ದಿನವೇ, ಕೆಲಸ ಇರುವಾಗಲೇ ದಾಖಲೆ ಶುರುವಾಗಬೇಕು. ನಿಮ್ಮ ಮನೆಯಲ್ಲಿ ಕಾರ್ಖಾನೆಗೋ ಅಂಗಡಿಗೋ ದುಡಿಯಲು ಹೋಗುವವರಿದ್ದರೆ ಇವತ್ತೇ ಅವರ ಸಂಬಳದ ಚೀಟಿ ತೆಗೆದು ಇಎಸ್‌ಐ ಕಡಿತ ಇದೆಯೇ ನೋಡಿ. ಇದ್ದರೆ, ಅವಲಂಬಿತ ತಂದೆತಾಯಿಯ ಹೆಸರು ಕುಟುಂಬದ ಪಟ್ಟಿಯಲ್ಲಿದೆಯೇ ನೋಡಿ. ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮೀರದಿದ್ದರೆ ಸೇರಿಸಲು ಅವಕಾಶವಿದೆ.