ಹೆಪ್ಪಿನ ಸೂಕ್ಷ್ಮಜೀವಿಯು ಹಾಲಿನಿಂದ ಆಹಾರ ಪಡೆಯುವ ಬಗೆ

ಒಂದೇ ಹಟ್ಟಿಯ ಹಾಲು ಒಂದು ಮನೆಯಲ್ಲಿ ರಾತ್ರಿಯೊಳಗೆ ಗಟ್ಟಿ ಮೊಸರಾಗಿ, ಇನ್ನೊಂದು ಮನೆಯಲ್ಲಿ ಮರುದಿನವೂ ನೀರಾಗಿ ಉಳಿಯುವುದುಂಟು. ಇದಕ್ಕೆ ಚಳಿ, ಪಾತ್ರೆಯ ಕೊಳೆ ಮೊದಲಾದ ಕಾರಣಗಳಲ್ಲದೆ ಹೆಪ್ಪಿನ ಸೂಕ್ಷ್ಮಜೀವಿಗಳ ದೌರ್ಬಲ್ಯವೂ ಕಾರಣವಾಗಬಹುದು.

ಮೊಸರಿನಲ್ಲಿ ಸಾಮಾನ್ಯವಾಗಿರುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಜೀವಿಯು ತನಗೆ ಅವಶ್ಯವಾದ ಕೆಲವು ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಹಾಲಿನಲ್ಲಿ ಅವು ಬಿಡಿಯಾಗಿ ದೊರೆಯುವುದು ಅತ್ಯಲ್ಪ. ಆದಕಾರಣ ಅದು ಹಾಲಿನ ಕೇಸೀನ್ ಎಂಬ ಪ್ರೋಟೀನನ್ನು ತನ್ನ ಹೊರಗೋಡೆಯ ಮೇಲಿನ ಕಿಣ್ವದಿಂದ ಕತ್ತರಿಸುತ್ತದೆ. ಈ ತುಂಡುಗಳಿಗೆ ಪೆಪ್ಟೈಡುಗಳೆಂದು ಹೆಸರು.

ಜೀವಕೋಶದ ಪೊರೆಯ ಹೊರಮೈಗೆ ಅಂಟಿಕೊಂಡಿರುವ ಓಪ್-ಎ ಎಂಬ ಪ್ರೋಟೀನು ಇವನ್ನು ಹಿಡಿಯುವುದು. ಅದರ ಎರಡು ಭಾಗಗಳು, ಪೆಪ್ಟೈಡು ನಡುವೆ ಸೇರಿದೊಡನೆ, ಕಪ್ಪೆಚಿಪ್ಪಿನಂತೆ ಮುಚ್ಚಿಕೊಳ್ಳುವುವು. 4ರಿಂದ 35 ಅಮೈನೋ ಆಮ್ಲಗಳುಳ್ಳ ಪೆಪ್ಟೈಡುಗಳನ್ನು ಅದು ಹಿಡಿಯಬಲ್ಲುದು. ಪೊರೆಯೊಳಗಿನ ಎರಡು ಪ್ರೋಟೀನುಗಳು ಅವಕ್ಕೆ ದಾರಿಯಾಗುವುವು. ಒಳಗಡೆಯ ಇನ್ನೆರಡು ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ವ್ಯಯಿಸಿ ಸಾಗಣೆಯನ್ನು ನಡೆಸುವುವು. ಒಳಸೇರಿದ ಪೆಪ್ಟೈಡು ಬಿಡಿ ಅಮೈನೋ ಆಮ್ಲಗಳಾಗಿ ಒಡೆಯುವುದು.

ಈ ಸಾಗಣೆಯು ಕೆಟ್ಟ ತಳಿಯು ಹಾಲಿನಲ್ಲಿ ಬೆಳೆಯಲಾರದು. ಕತ್ತರಿಸುವ ಕಿಣ್ವವನ್ನು ಕಳೆದುಕೊಂಡ ತಳಿಯು ನಿಧಾನವಾಗಿ ಬೆಳೆಯುವುದು. ಆದುದರಿಂದ ಬೇಗನೆ ಗಟ್ಟಿಯಾದ ಮೊಸರಿನಿಂದಲೇ ಮರುದಿನದ ಹೆಪ್ಪನ್ನು ತೆಗೆದಿಡತಕ್ಕದ್ದು. ಹೆಪ್ಪು ಪದೇ ಪದೇ ಸೋತರೆ, ಅದನ್ನು ಬಿಟ್ಟು ಒಳ್ಳೆಯ ಮೊಸರಾಗುವ ಮನೆಯಿಂದ ಹೊಸ ಹೆಪ್ಪನ್ನು ತರುವುದು ಲೇಸು.